ಬುಧವಾರ ಬರುವ ಬ್ಯಾಟ್‌ಮನ್

ನಮ್ಮಲ್ಲಿ ಸಿನಿಮಾಕ್ಕೆ ಶುಕ್ರವಾರ ಹೇಗೋ, ಅಮೆರಿಕದಲ್ಲಿ ಕಾಮಿಕ್ಸಿಗೆ ಬುಧವಾರ ಹಾಗೆ. ವಾರದ ಹೊಸ ಸಂಚಿಕೆಗಳು ಅಂಗಡಿಯ ಕಪಾಟು ಏರುವುದು ಅಂದೇ. ಕಾಯಂ ಗಿರಾಕಿಗಳ ಪಾಲನ್ನು ಅಂಗಡಿಯವರು ಮೊದಲೇ ಎತ್ತಿಟ್ಟಿರುತ್ತಾರೆ. ಬಂದವರು ತಮ್ಮ ಕಟ್ಟು ಪಡೆದು, ಯಾವ ಲೇಖಕ ಯಾವ ಪಾತ್ರವನ್ನು ಕೆಡಿಸಿದ ಎಂದು ಅಲ್ಲೇ ನಿಂತು ಒಂದಷ್ಟು ಹೊತ್ತು ವಾದ ಮಾಡಿ ಮನೆಗೆ ಹೋಗುತ್ತಾರೆ. ಕೋವಿಡ್ ಬಂದ 2020ರಲ್ಲಿ ಡಿಸಿ ಕಂಪನಿ ತನ್ನ ಹಳೆಯ ವಿತರಕರನ್ನು ಬಿಟ್ಟು ಮಂಗಳವಾರಕ್ಕೆ ಹಾರಿತ್ತು. ಆಮೇಲೆ ನಾಲ್ಕು ವರ್ಷ ಸೂಪರ್‌ಮ್ಯಾನ್ ಬರುವ ದಿನವೇ ಬೇರೆ, ಮಾರ್ವೆಲ್‌ನ ಸ್ಪೈಡರ್‌ಮ್ಯಾನ್ ಬರುವ ದಿನವೇ ಬೇರೆ. 2024ರ ಜುಲೈಯಲ್ಲಿ ಡಿಸಿ ಮತ್ತೆ ಬುಧವಾರಕ್ಕೆ ಬಂದು ಸೇರಿಕೊಂಡಿತು.

ಬೆಂಗಳೂರಿನಲ್ಲಿ ಕುಳಿತ ನನ್ನಂಥವನಿಗೆ ಈ ಬುಧವಾರ ಟ್ಯಾಬ್ಲೆಟ್ಟಿನ ಪರದೆಯ ಮೇಲೆ ನಡೆಯುವ ವ್ಯವಹಾರ. ಬಿಡಿ ಸಂಚಿಕೆಗಳು ಇಲ್ಲಿನ ಪುಸ್ತಕದಂಗಡಿಗಳಲ್ಲಿ ಅಪರೂಪ. ಐದಾರು ಸಂಚಿಕೆಗಳನ್ನು ಸೇರಿಸಿ ಹೊಲಿದ ಸಂಪುಟಗಳಾದರೆ ಚರ್ಚ್ ಸ್ಟ್ರೀಟಿನಲ್ಲಿ ಸಿಗುತ್ತವೆ. ‘ಸೂಪರ್‌ಹೀರೋ ಎಂದರೆ ಸಿನಿಮಾ ಅಲ್ಲವೇ, ಅದರ ಪುಸ್ತಕವೂ ಇನ್ನೂ ಬರುತ್ತದೆಯೇ’ ಎಂದು ಕೇಳುವವರೇ ಹೆಚ್ಚು. ಬರುತ್ತದೆ ಸ್ವಾಮಿ, ಪ್ರತಿ ವಾರ ಬರುತ್ತದೆ. ಸುಮಾರು ಇಪ್ಪತ್ತು ಪುಟ ಕಥೆ, ಬೆನ್ನಿಗೆ ಎರಡು ಸ್ಟೇಪಲ್ ಪಿನ್, ಬೆಲೆ ನಾಲ್ಕರಿಂದ ಐದು ಡಾಲರ್. 1938ರಲ್ಲಿ ಸೂಪರ್‌ಮ್ಯಾನ್ ಮೊದಲ ಸಲ ಕಾಣಿಸಿಕೊಂಡ ‘ಆ್ಯಕ್ಷನ್ ಕಾಮಿಕ್ಸ್’ ಒಂದನೇ ಸಂಚಿಕೆಗೆ ಹತ್ತು ಸೆಂಟ್ ಇತ್ತು, ಪುಟಗಳೂ ಇವತ್ತಿನದಕ್ಕಿಂತ ಹೆಚ್ಚಿದ್ದವು.

ಇತ್ತೀಚಿನ ವರ್ಷಗಳ ಬುಧವಾರಗಳಲ್ಲಿ ನೆನಪಿಟ್ಟುಕೊಳ್ಳಬೇಕಾದ್ದು 2024ರ ಅಕ್ಟೋಬರ್ 9. ಅಂದು ಡಿಸಿಯ ‘ಆಬ್ಸಲ್ಯೂಟ್ ಬ್ಯಾಟ್‌ಮನ್’ ಒಂದನೇ ಸಂಚಿಕೆ ಬಂತು. ಕಥೆ ಸ್ಕಾಟ್ ಸ್ನೈಡರ್ ಅವರದು, ಚಿತ್ರ ನಿಕ್ ಡ್ರಾಗೊಟ್ಟಾ ಅವರದು. ಬ್ಯಾಟ್‌ಮನ್ ಆಗುವ ಬ್ರೂಸ್ ವೇಯ್ನ್ ಅಂದಕೂಡಲೇ ನಮಗೆ ನೆನಪಾಗುವುದು ಅರಮನೆಯಂಥ ಮನೆ, ಬಟ್ಲರ್, ಗುಹೆ, ಲೆಕ್ಕವಿಲ್ಲದ ದುಡ್ಡು. ಈ ಸರಣಿಯಲ್ಲಿ ಅದ್ಯಾವುದೂ ಇಲ್ಲ. ಇವನ ಅಪ್ಪ ಶಾಲಾ ಮಾಸ್ತರು. ಮಕ್ಕಳನ್ನು ಮೃಗಾಲಯ ತೋರಿಸಲು ಕರೆದುಕೊಂಡು ಹೋದ ದಿನ ಅಲ್ಲಿ ನಡೆದ ಗುಂಡಿನ ದಾಳಿಯಲ್ಲಿ ಸಾಯುತ್ತಾರೆ. ಅಮ್ಮ ಬದುಕಿದ್ದಾಳೆ. ಹುಡುಗ ಕಾರ್ಮಿಕರ ಬಡಾವಣೆಯಲ್ಲಿ ಬೆಳೆದು ಎಂಜಿನಿಯರ್ ಆಗುತ್ತಾನೆ. ಬಟ್ಲರ್ ಆಲ್ಫ್ರೆಡ್ ಇಲ್ಲಿ ಮನೆಯ ಆಳಲ್ಲ, ಗಾಥಮ್ ನಗರಕ್ಕೆ ಮೋಟಾರ್‌ಸೈಕಲ್ಲಿನಲ್ಲಿ ಬಂದಿಳಿಯುವ ಬ್ರಿಟಿಷ್ ಗೂಢಚಾರ. ಅವನ ಕಣ್ಣಿನ ಮೂಲಕವೇ ನಮಗೆ ಈ ಹೊಸ ಬ್ಯಾಟ್‌ಮನ್ ಮೊದಲ ಸಲ ಕಾಣುವುದು.

ಡ್ರಾಗೊಟ್ಟಾ ಬರೆದ ಆ ದೇಹವನ್ನು ನೋಡಬೇಕು. ಚೌಕಟ್ಟಿನಲ್ಲಿ ಹಿಡಿಸದಷ್ಟು ಅಗಲ. ಹೆಗಲು ಒಂದು ಗೆರೆಯನ್ನು ದಾಟಿ ಆಚೆ ಹೋದರೆ ಬೂಟು ಇನ್ನೊಂದು ಗೆರೆಯನ್ನು ತುಳಿದು ನಿಂತಿರುತ್ತದೆ. ಎದೆಯ ಮೇಲಿನ ಬಾವಲಿ ಲಾಂಛನ ಇಟ್ಟಿಗೆಯ ಹಾಗೆ ದಪ್ಪ, ಚೌಕ. ಕಿತ್ತು ಹಿಡಿಗೆ ಸಿಕ್ಕಿಸಿದರೆ ಅದೇ ಕೊಡಲಿ. ಮುಖವಾಡದ ಎರಡು ಕಿವಿಗಳನ್ನು ಎಳೆದರೆ ಎರಡು ಚೂರಿ. ಶ್ರೀಮಂತ ಬ್ಯಾಟ್‌ಮನ್ ಬಳಿ ಪ್ರತಿ ಕೆಲಸಕ್ಕೂ ಒಂದೊಂದು ಸಲಕರಣೆ ಇತ್ತು. ಇವನಿಗೆ ಮೈಮೇಲಿನ ಬಟ್ಟೆಯೇ ಸಲಕರಣೆಯ ಪೆಟ್ಟಿಗೆ. ‘ಇವನ ಹತ್ತಿರ ದುಡ್ಡಿಲ್ಲ’ ಎಂಬ ಮಾತನ್ನು ಎಲ್ಲೂ ಉದ್ದುದ್ದ ವಿವರಿಸುವ ಪ್ರಮೇಯವೇ ಬರುವುದಿಲ್ಲ, ವೇಷವೇ ಅದನ್ನು ಹೇಳಿಬಿಡುತ್ತದೆ. ಫ್ರ್ಯಾಂಕ್ ಮಾರ್ಟಿನ್ ಹಾಕಿದ ಬಣ್ಣದಲ್ಲಿ ನಗರವೂ ಹೊಗೆ, ತುಕ್ಕು, ಸೋಡಿಯಂ ದೀಪದ ಹಳದಿಯಾಗಿ ಹೊತ್ತಿಕೊಂಡಂತಿದೆ. ಸಂಚಿಕೆ ಮತ್ತೆ ಮತ್ತೆ ಮುದ್ರಣ ಕಂಡಿತು.

ಮುದ್ರಣದ ಸುದ್ದಿ ಕೇಳಿ ಹಿಗ್ಗುವ ಮೊದಲು ಹಳೆಯ ಓದುಗರಿಗೆ ಅನುಮಾನ ಬರುವುದು ಸಹಜ. ಈ ವ್ಯಾಪಾರ ನಿಂತಿರುವುದೇ ‘ಒಂದನೇ ಸಂಚಿಕೆ’ ಎಂಬ ಮೋಹದ ಮೇಲೆ. ‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ ಪತ್ರಿಕೆ 2014, 2015, 2018, 2022, 2025 ಹೀಗೆ ಐದು ಸಲ ತನ್ನ ಸಂಖ್ಯೆಯನ್ನು ಅಳಿಸಿಕೊಂಡು ಮತ್ತೆ ಒಂದರಿಂದ ಎಣಿಕೆ ಶುರುಮಾಡಿದೆ. ಹನ್ನೆರಡು ವರ್ಷದೊಳಗೆ ಐದು ಸಲ ನಾಮಕರಣ ಮಾಡಿಸಿಕೊಂಡ ಮಗು ಬೇರೆಲ್ಲಿ ಸಿಕ್ಕೀತು? ಮುಖಪುಟದ ಮೇಲೆ ‘1’ ಇದ್ದರೆ ಹೊಸಬರು ಹೆದರದೆ ಕೊಳ್ಳುತ್ತಾರೆ, ಹಳಬರು ಸಂಗ್ರಹಕ್ಕೆಂದು ಕೊಳ್ಳುತ್ತಾರೆ. ಒಂದೇ ಸಂಚಿಕೆಗೆ ಹತ್ತಾರು ಬೇರೆ ಬೇರೆ ಮುಖಪುಟ. ಇಪ್ಪತ್ತೈದು ಪ್ರತಿ ತರಿಸಿಕೊಂಡ ಅಂಗಡಿಗೆ ಮಾತ್ರ ಒಂದು ವಿಶೇಷ ಪ್ರತಿ ಎಂಬ ಲೆಕ್ಕಾಚಾರವೂ ಉಂಟು.

ಇದರ ಹೊರೆ ಬೀಳುವುದು ಅಂಗಡಿಯವನ ತಲೆಯ ಮೇಲೆ. ಹಿಂದೆ ಪತ್ರಿಕೆ ಮಾರುವ ಗೂಡಂಗಡಿಗಳಲ್ಲಿ ಕಾಮಿಕ್ಸ್ ಮಾರಾಟವಾಗುತ್ತಿದ್ದಾಗ ಉಳಿದ ಪ್ರತಿಯ ಹಣ ವಾಪಸ್ ಸಿಗುತ್ತಿತ್ತು. 1970ರ ದಶಕದಲ್ಲಿ ಫಿಲ್ ಸ್ಯೂಲಿಂಗ್ ಎಂಬಾತ ಪ್ರಕಾಶಕರೊಡನೆ ಬೇರೆ ಒಪ್ಪಂದ ಮಾಡಿಕೊಂಡರು: ಹೆಚ್ಚು ರಿಯಾಯಿತಿ ಕೊಡಿ, ಉಳಿದದ್ದನ್ನು ನಾವು ಹಿಂದಿರುಗಿಸುವುದಿಲ್ಲ. ಕಾಮಿಕ್ಸಿಗೆಂದೇ ಪ್ರತ್ಯೇಕ ಅಂಗಡಿಗಳು ಬೆಳೆದದ್ದು ಆ ಒಪ್ಪಂದದಿಂದ. ಅಂಗಡಿಯವರು ಮುಳುಗಲು ದಾರಿಯಾದದ್ದೂ ಅದೇ. 1991ರಲ್ಲಿ ‘ಎಕ್ಸ್‌ಮೆನ್’ ಒಂದನೇ ಸಂಚಿಕೆ ಐದು ಮುಖಪುಟಗಳಲ್ಲಿ ಬಂದು ಎಂಬತ್ತು ಲಕ್ಷ ಪ್ರತಿ ದಾಟಿತು. ಅಷ್ಟೂ ಪ್ರತಿಗಳನ್ನು ಓದಿದವರಿದ್ದರು ಎಂದು ಯಾರೂ ನಂಬುವುದಿಲ್ಲ. ಮರುವರ್ಷ ನವೆಂಬರಿನಲ್ಲಿ ಸೂಪರ್‌ಮ್ಯಾನ್ ಸತ್ತ ಸಂಚಿಕೆಯನ್ನು ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ, ತೋಳಿಗೆ ಕಟ್ಟಿಕೊಳ್ಳುವ ಶೋಕದ ಪಟ್ಟಿ ಸಮೇತ ಮಾರಿದರು. ಮುಂದೆ ಮಕ್ಕಳ ಕಾಲೇಜಿನ ಖರ್ಚಿಗಾದೀತು ಎಂದು ಚೀಲ ಬಿಚ್ಚದೆ ಎತ್ತಿಟ್ಟವರೆಷ್ಟೋ. ಎಲ್ಲರ ಬಳಿಯೂ ಇರುವ ವಸ್ತುವಿಗೆ ಬೆಲೆ ಎಲ್ಲಿಂದ ಬರಬೇಕು? ಕೆಲವೇ ವರ್ಷಗಳಲ್ಲಿ ಗುಳ್ಳೆ ಒಡೆಯಿತು, ಅಂಗಡಿಗಳು ಸಾಲುಸಾಲಾಗಿ ಮುಚ್ಚಿದವು, 1996ರ ಡಿಸೆಂಬರಿನಲ್ಲಿ ಮಾರ್ವೆಲ್ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ದಶಕಗಳ ಕಾಲ ವಿತರಣೆಯನ್ನು ಹಿಡಿತದಲ್ಲಿಟ್ಟುಕೊಂಡಿದ್ದ ಡೈಮಂಡ್ ಸಂಸ್ಥೆ 2025ರ ಜನವರಿಯಲ್ಲಿ ಅದೇ ದಾರಿ ಹಿಡಿಯಿತು.

ಹಾಗಾಗಿ ಹೊಸತು ಎಂದು ಬಂದದ್ದರಲ್ಲಿ ಹೊಸತು ಏನಿದೆ ಎಂದು ಕೆದಕಿ ನೋಡದೆ ನಂಬುವ ಹಾಗಿಲ್ಲ. ಹಾಗೆ ಕೆದಕುವ ಅಭ್ಯಾಸ ಕನ್ನಡದ ಓದುಗರಿಗೆ ಮೊದಲಿನಿಂದ ಇದೆ. ಹತ್ತನೆಯ ಶತಮಾನದಲ್ಲಿ ಪಂಪ ಭಾರತದ ಕಥೆ ಎತ್ತಿಕೊಂಡಾಗ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದ. ಆ ಒಂದು ಬದಲಾವಣೆಯಿಂದ ಕಥೆಯ ಭಾರವೆಲ್ಲ ಅರ್ಜುನನ ಕಡೆ ವಾಲಿತು. ಕೊನೆಯಲ್ಲಿ ಪಟ್ಟವೂ ಅವನಿಗೇ, ಸುಭದ್ರೆಯ ಜೊತೆ. ರನ್ನನ ಕೈಯಲ್ಲಿ ಅದೇ ಕಥೆ ಭೀಮನದಾಯಿತು. ಭೈರಪ್ಪನವರು ‘ಪರ್ವ’ದಲ್ಲಿ ಪವಾಡಗಳನ್ನೆಲ್ಲ ತೆಗೆದುಹಾಕಿದರು. ಎಲ್ಲರಿಗೂ ಗೊತ್ತಿರುವ ಕಥೆಯಲ್ಲಿ ಯಾವ ಕೀಲು ಕಳಚಿದರೆ ಉಳಿದದ್ದೆಲ್ಲ ಹೊಸದಾಗಿ ಕೂರುತ್ತದೆ ಎಂಬುದನ್ನು ಕಂಡುಕೊಳ್ಳುವುದೇ ಮರುಕಥನದ ಜಾಣ್ಮೆ. ಸೂಪರ್‌ಹೀರೋ ಕಾಮಿಕ್ಸನ್ನು ನಾನು ಅಳೆಯುವುದೂ ಇದೇ ಗಜಕಡ್ಡಿಯಿಂದ.

ಆಬ್ಸಲ್ಯೂಟ್ ಬ್ಯಾಟ್‌ಮನ್‌ನಲ್ಲಿ ಕಳಚಿದ ಕೀಲು ದುಡ್ಡು ಎಂದು ಮೊದಲ ಸಂಚಿಕೆ ಓದಿದಾಗ ಅನಿಸುತ್ತದೆ. ಮುಂದೆ ಓದಿದಂತೆ ಬೇರೊಂದು ತೆರೆದುಕೊಳ್ಳುತ್ತದೆ. ಬಡಾವಣೆಯಲ್ಲಿ ಬೆಳೆದ ಬ್ರೂಸ್‌ಗೆ ಬಾಲ್ಯದ ಗೆಳೆಯರಿದ್ದಾರೆ: ವೇಲನ್, ಆಸ್ವಾಲ್ಡ್, ಹಾರ್ವಿ, ಎಡ್ಡಿ. ಹಳೆಯ ಓದುಗರಿಗೆ ಈ ಹೆಸರುಗಳು ಗೊತ್ತು. ಕಿಲ್ಲರ್ ಕ್ರಾಕ್, ಪೆಂಗ್ವಿನ್, ಟು-ಫೇಸ್, ರಿಡ್ಲರ್. ಬ್ಯಾಟ್‌ಮನ್‌ನ ಈ ಹಗೆಗಳೆಲ್ಲ ಇಲ್ಲಿ ಒಟ್ಟಿಗೆ ಇಸ್ಪೀಟಾಡಿಕೊಂಡು ಹರಟುವ ಗೆಳೆಯರು. ಪ್ರತಿ ತಿಂಗಳು ಅವರು ನಗುವುದನ್ನು ಕಂಡಾಗ, ಇವರಲ್ಲಿ ಯಾರು ಯಾವಾಗ ಕೈತಪ್ಪಿ ಹೋಗುತ್ತಾರೋ ಎಂಬ ಕಸಿವಿಸಿ. ಕರ್ಣನ ರಥದ ಗಾಲಿ ಹೂತುಹೋಗುತ್ತದೆಂದು ಗೊತ್ತಿದ್ದೇ ಕರ್ಣಪರ್ವ ಕೇಳಲು ಕೂತವರ ಸಂಕಟ ಅದು. ವೇಲನ್ ಮೈ ಮೊಸಳೆಯದಾಗುವ ಹೊತ್ತಿಗೆ ಅವನು ನಮಗೆ ತಿಂಗಳುಗಟ್ಟಲೆ ಪರಿಚಿತ. ಇತ್ತ ಜೋಕರ್ ಅಪಾರ ಶ್ರೀಮಂತ, ನಗುವುದೇ ಇಲ್ಲ. ದುಡ್ಡನ್ನು ಬ್ರೂಸ್‌ನಿಂದ ಕಿತ್ತು ಜೋಕರ್‌ಗೆ ಕೊಟ್ಟರು ಎಂಬಷ್ಟನ್ನೇ ಹೇಳಿದರೆ ಅದು ಬರೀ ಕೈಚಳಕ. ಗೆಳೆತನವನ್ನು ಬ್ರೂಸ್‌ಗೆ ಕೊಟ್ಟದ್ದು ಕಥೆಯ ಬುಡವನ್ನೇ ಅಲುಗಿಸಿತು.

ಇದೇ ಆಬ್ಸಲ್ಯೂಟ್ ಸಾಲಿನಲ್ಲಿ ಎರಡು ವಾರ ಬಿಟ್ಟು, ಅಕ್ಟೋಬರ್ 23ರ ಬುಧವಾರ ಬಂದ ‘ಆಬ್ಸಲ್ಯೂಟ್ ವಂಡರ್ ವುಮನ್’ ನನ್ನ ಲೆಕ್ಕದಲ್ಲಿ ಇನ್ನೂ ಒಂದು ಕೈ ಮೇಲು. ಕೆಲ್ಲಿ ಥಾಮ್ಸನ್ ಕಥೆ, ಹೇಡನ್ ಶರ್ಮನ್ ಚಿತ್ರ. ಅಮೆಜಾನ್ ಹೆಂಗಸರ ಸುಂದರ ದ್ವೀಪದಲ್ಲಿ ಬೆಳೆಯಬೇಕಿದ್ದ ಡಯಾನಾ ಇಲ್ಲಿ ನರಕದಲ್ಲಿ ಸರ್ಸಿ ಎಂಬ ಮಾಟಗಾತಿಯ ಸಾಕುಮಗಳಾಗಿ ಬೆಳೆಯುತ್ತಾಳೆ. ಏರುವ ಕುದುರೆಗೆ ಮೈಯಿಲ್ಲ, ಬರೀ ಮೂಳೆ. ಬೆನ್ನ ಮೇಲೆ ಆಳೆತ್ತರದ ಕತ್ತಿ. ಇಷ್ಟು ಕೇಳಿದರೆ ಹಳೆಯ ಹೆವಿ ಮೆಟಲ್ ಆಲ್ಬಮ್ಮಿನ ಹೊದಿಕೆ ನೆನಪಾದೀತು. ಓದಿದರೆ ಕಾಣುವುದು ಸಾಕುತಾಯಿ ಮಗಳ ಕಥೆ. ನರಕಕ್ಕೆ ಬಂದುಬಿದ್ದ ಸ್ಟೀವ್ ಟ್ರೆವರ್ ಎಂಬ ಸೈನಿಕನನ್ನು ಭೂಮಿಗೆ ಮರಳಿಸಲು ಡಯಾನಾ ತನ್ನ ಒಂದು ತೋಳನ್ನೇ ಬಲಿಕೊಡುತ್ತಾಳೆ. ದುಃಖಕ್ಕೆಂದು ಪುಟಗಟ್ಟಲೆ ಮಾತು ಸುರಿಯುವುದಿಲ್ಲ. ಮೂಲದ ವಂಡರ್ ವುಮನ್ ದಯಾಮಯಿ, ಏಕೆಂದರೆ ಬೆಳೆದದ್ದು ಒಳ್ಳೆಯವರ ನಡುವೆ. ಇವಳು ಎಲ್ಲಿ ಬೆಳೆದರೂ ಹಾಗೇ ಆಗುತ್ತಿದ್ದಳು ಎಂದು ಥಾಮ್ಸನ್ ತೋರಿಸುತ್ತಾರೆ. 2025ರಲ್ಲಿ ಅತ್ಯುತ್ತಮ ಹೊಸ ಸರಣಿಗೆ ಕೊಡುವ ಐಸ್ನರ್ ಪ್ರಶಸ್ತಿ ಇದಕ್ಕೆ ಸಂದಿತು.

‘ಆಬ್ಸಲ್ಯೂಟ್ ಸೂಪರ್‌ಮ್ಯಾನ್’ ಬಗ್ಗೆ ಅಷ್ಟು ಉತ್ಸಾಹ ನನಗಿಲ್ಲ. ಕ್ರಿಪ್ಟಾನ್‌ನಲ್ಲೂ ಮೇಲುವರ್ಗ, ಕೆಳವರ್ಗ; ಅಲ್ಲಿ ಕಾಲ್-ಎಲ್ ಎಂಬ ಹೆಸರಲ್ಲಿ ಹುಟ್ಟಿದ ಸೂಪರ್‌ಮ್ಯಾನ್ ದುಡಿಯುವವರ ಮಗ; ಭೂಮಿಗೆ ಬಂದವನು ಬ್ರೆಜಿಲಿನ ಗಣಿಯಲ್ಲಿ ಕಂಪನಿಯ ವಿರುದ್ಧ ನಿಲ್ಲುತ್ತಾನೆ. ಆಲೋಚನೆ ಚೆನ್ನಾಗಿದೆ. ಜೇಸನ್ ಆರನ್ ಅದನ್ನು ಮಾತಿನ ಮೇಲೆ ಮಾತು ಹೇರಿ ಹೇಳುತ್ತಾರೆ. ರಾಫಾ ಸಂಡೋವಲ್ ಬರೆದ, ಧೂಳಿನಿಂದಲೇ ಎದ್ದು ಹಾರಾಡುವ ಕೆಂಪು ಹೊದಿಕೆಯನ್ನು ಮಾತ್ರ ಎಷ್ಟು ಸಲ ನೋಡಿದರೂ ತೃಪ್ತಿಯಾಗದು.

2025ರ ಮಾರ್ಚ್‌ನಲ್ಲಿ ಸದ್ದಿಲ್ಲದೆ ಬಂದದ್ದು ‘ಆಬ್ಸಲ್ಯೂಟ್ ಮಾರ್ಷಿಯನ್ ಮ್ಯಾನ್‌ಹಂಟರ್’. ಮಂಗಳ ಗ್ರಹದ ಹಸಿರು ಮನುಷ್ಯ ಜಾನ್ ಜೋನ್ಸ್ ಎಂದೂ ಮೊದಲ ಸಾಲಿನ ನಾಯಕನಲ್ಲ, ತಂಡದ ಚಿತ್ರದಲ್ಲಿ ಹಿಂದೆ ನಿಲ್ಲುವವನು. ಡೆನಿಜ್ ಕ್ಯಾಂಪ್ ಅವನನ್ನು ಎಫ್‌ಬಿಐ ಅಧಿಕಾರಿ ಮಾಡಿದ್ದಾರೆ. ಒಂದು ಆತ್ಮಾಹುತಿ ಸ್ಫೋಟದಲ್ಲಿ ಬದುಕುಳಿದ ಮೇಲೆ ಅವನ ತಲೆಯೊಳಗೆ ಮತ್ತೊಬ್ಬ ಬಂದು ಕೂತಿದ್ದಾನೆ, ಅವನೇ ಮಂಗಳದವನು. ಅಲ್ಲಿಂದ ಆಚೆ ಜಾನ್‌ಗೆ ಎದುರಿಗಿದ್ದವರ ಯೋಚನೆಗಳು ಬಣ್ಣದ ಹೊಗೆಯಾಗಿ ಕಾಣುತ್ತವೆ. ಹಾವಿಯೆರ್ ರೊಡ್ರಿಗೆಸ್ ಆ ಹೊಗೆಗೆ ಕೊಟ್ಟಿರುವ ರೂಪ ನೋಡಿ: ರಸ್ತೆಯಲ್ಲಿ ನಡೆವ ಪ್ರತಿಯೊಬ್ಬರ ತಲೆಯಿಂದ ಒಂದೊಂದು ಬಣ್ಣ ಏಳುತ್ತದೆ, ಒಂದಕ್ಕೊಂದು ಬೆರೆಯುತ್ತದೆ, ಚೌಕಟ್ಟಿನ ಗೆರೆಯನ್ನು ಲೆಕ್ಕಿಸದೆ ಪಕ್ಕದ ಚಿತ್ರಕ್ಕೂ ಹರಿಯುತ್ತದೆ. ಜಾನ್ ಮನೆಗೆ ಬಂದು ಹೆಂಡತಿಯ ಎದುರು ಕುಳಿತಾಗಲೂ ಅದೇ ಹೊಗೆ. ಎದುರಿನವರ ಮನಸ್ಸು ಕಾಣುತ್ತಿದ್ದರೂ ಆಡಬೇಕಾದ ಮಾತು ಬಾಯಿಗೆ ಬಾರದ ಗಂಡನ ಕಥೆ ಇದು. ಸಿನಿಮಾ ಎಷ್ಟು ಕೋಟಿ ಸುರಿದರೂ ಇದನ್ನು ಮಾಡಲಾರದು; ಬಣ್ಣ, ಕಾಗದ, ಚೌಕಟ್ಟು ಮೂರೂ ಸೇರಿದಲ್ಲಿ ಮಾತ್ರ ಸಾಧ್ಯ. ಆರು ಸಂಚಿಕೆಗೆಂದು ಶುರುವಾದದ್ದನ್ನು ಹನ್ನೆರಡಕ್ಕೆ ಬೆಳೆಸಿದರು.

ಮಾರ್ವೆಲ್ ಕಡೆ ಇದೇ ಕೆಲಸ ಮಾಡಿದ್ದು 2024ರ ಜನವರಿ 10ರಂದು ಬಂದ ‘ಅಲ್ಟಿಮೇಟ್ ಸ್ಪೈಡರ್‌ಮ್ಯಾನ್’. ಜೊನಾಥನ್ ಹಿಕ್‌ಮನ್ ಕಥೆ, ಮಾರ್ಕೊ ಕೆಕೆಟ್ಟೊ ಚಿತ್ರ. ಜೇಡ ಕಚ್ಚಬೇಕಿದ್ದ ಹದಿವಯಸ್ಸಿನಲ್ಲಿ ಪೀಟರ್ ಪಾರ್ಕರ್‌ನನ್ನು ಅದು ಕಚ್ಚಲಿಲ್ಲ, ಯಾರೋ ತಪ್ಪಿಸಿದರು. ಈಗವನಿಗೆ ಗಡ್ಡ, ಹೆಂಡತಿ ಮೇರಿ ಜೇನ್, ಇಬ್ಬರು ಮಕ್ಕಳು, ಪತ್ರಿಕಾ ಕಚೇರಿಯಲ್ಲಿ ನೌಕರಿ. ಬೆನ್ ಚಿಕ್ಕಪ್ಪ ಬದುಕಿದ್ದಾರೆ, ಮೇ ಚಿಕ್ಕಮ್ಮ ಇಲ್ಲ. ತಪ್ಪಿಹೋದ ಜೇಡ ಈಗ ಕೈಗೆ ಬರುತ್ತದೆ, ಕಚ್ಚಿಸಿಕೊಳ್ಳುವುದೋ ಬಿಡುವುದೋ ಅವನಿಗೇ ಬಿಟ್ಟದ್ದು. ಹುಡುಗನಿಗೆ ಅಕಸ್ಮಾತ್ತಾಗಿ ಆದದ್ದನ್ನು ಸಂಸಾರಸ್ಥ ಗೊತ್ತಿದ್ದೇ ಮೈಮೇಲೆ ಎಳೆದುಕೊಳ್ಳುತ್ತಾನೆ. ಕೀಲು ಕಳಚಿದ್ದು ಇಲ್ಲಿ.

ಇದರ ನಾಲ್ಕನೇ ಸಂಚಿಕೆಯನ್ನು ನಾನು ಸ್ನೇಹಿತರಿಗೆಲ್ಲ ಓದಲು ಹೇಳುತ್ತೇನೆ. ಬಹುಪಾಲು ಪುಟಗಳಲ್ಲಿ ನಡೆಯುವುದು ಒಂದು ರೆಸ್ಟೋರೆಂಟ್ ಊಟ. ಪೀಟರ್ ಮತ್ತು ಮೇರಿ ಜೇನ್ ಒಂದು ಕಡೆ, ಹ್ಯಾರಿ ಆಸ್ಬಾರ್ನ್ ಮತ್ತು ಗ್ವೆನ್ ದಂಪತಿ ಇನ್ನೊಂದು ಕಡೆ. ಹೊಡೆದಾಟವಿಲ್ಲ, ಹಾರಾಟವಿಲ್ಲ, ಮಾತು ಮಾತ್ರ. ಹೊಸ ಪರಿಚಯದ ಎರಡು ಜೋಡಿಗಳು ಒಬ್ಬರನ್ನೊಬ್ಬರು ಅಳೆಯುವ ಸೂಕ್ಷ್ಮ, ಯಾವ ವಿಷಯ ಎತ್ತಬಾರದೆಂದು ಮೇಜಿನಡಿ ಕಾಲು ತಾಕಿಸುವಂಥ ಸಂಸಾರದ ಎಚ್ಚರ. ಒಂದನೇ ಸಂಚಿಕೆಯನ್ನು ಯಾರು ಬೇಕಾದರೂ ಅಬ್ಬರದಿಂದ ಮಾಡಬಹುದು. ನಾಲ್ಕನೆಯದರಲ್ಲಿ ಇಂಥ ಊಟ ಬಡಿಸುವ ಧೈರ್ಯ ಇರುವವರು ತಮ್ಮ ಪಾತ್ರಗಳನ್ನು ನಂಬಿದವರು.

ಈ ಅಲ್ಟಿಮೇಟ್ ಸಾಲಿನ ಮತ್ತೊಂದು ಕಟ್ಟುಪಾಡು: ಎರಡು ಸಂಚಿಕೆಗಳ ನಡುವೆ ಓದುಗ ಒಂದು ತಿಂಗಳು ಕಾದರೆ ಕಥೆಯೊಳಗೂ ಒಂದು ತಿಂಗಳು ಕಳೆದಿರುತ್ತದೆ. ಸೂಪರ್‌ಹೀರೋಗಳಿಗೆ ವಯಸ್ಸಾಗುವುದಿಲ್ಲ ಎಂಬುದು ಈ ಲೋಕದ ಹಳೆಯ ಸೌಕರ್ಯ. ಇಲ್ಲಿ ಮಕ್ಕಳು ಬೆಳೆಯುತ್ತಾರೆ, ಹಬ್ಬಗಳು ಬರುತ್ತವೆ, ಗಡುವು ಹತ್ತಿರವಾಗುತ್ತದೆ. ಇಪ್ಪತ್ತನಾಲ್ಕು ಸಂಚಿಕೆಗೆ ಮುಗಿಸಿಬಿಟ್ಟರು. ವಾರಪತ್ರಿಕೆಯ ಧಾರಾವಾಹಿ ಓದಿ ಬೆಳೆದವರಿಗೆ ಈ ಕಾಯುವಿಕೆಯ ರುಚಿ ಗೊತ್ತು. ಒಂದು ಕಂತು ಮುಗಿದ ಮೇಲೆ ಮನೆಯವರೆಲ್ಲ ಮುಂದೇನಾದೀತು ಎಂದು ಊಹಿಸುತ್ತಾ ಕಳೆಯುವ ದಿನಗಳೂ ಕಾದಂಬರಿಯ ಭಾಗವೇ. ಸಂಪುಟವಾಗಿ ಒಂದೇ ರಾತ್ರಿ ಓದಿದವರಿಗೆ ಕಥೆ ಸಿಗುತ್ತದೆ, ಆ ದಿನಗಳು ಸಿಗುವುದಿಲ್ಲ.

ಭಾರತದ ಸ್ಪೈಡರ್‌ಮ್ಯಾನ್ ಕೂಡ ಒಬ್ಬನಿದ್ದಾನೆ, ಪವಿತ್ರ ಪ್ರಭಾಕರ. 2004ರಲ್ಲಿ ಗಾಥಮ್ ಕಾಮಿಕ್ಸ್ ಎಂಬ ಪ್ರಕಾಶನ ತಂದ ನಾಲ್ಕು ಸಂಚಿಕೆಗಳು. ಚಿತ್ರ ಜೀವನ್ ಕಾಂಗ್ ಅವರದು. ಮುಂಬೈಯ ಹುಡುಗ, ಪಂಚೆಯುಟ್ಟ ಸ್ಪೈಡರ್‌ಮ್ಯಾನ್, ಶಕ್ತಿ ಕೊಟ್ಟದ್ದು ಜೇಡವಲ್ಲ, ಒಬ್ಬ ಯೋಗಿ. ಮೇರಿ ಜೇನ್ ಮೀರಾ ಜೈನ್ ಆದಳು, ಖಳ ನಾರ್ಮನ್ ಆಸ್ಬಾರ್ನ್ ನಳಿನ್ ಒಬೆರಾಯ್ ಆದ. ಕಾಂಗ್ ಅವರ ಗೆರೆಯಲ್ಲಿ ಜೀವವಿತ್ತು. ಕಥೆಯಲ್ಲಿ ಮಾತ್ರ ಹೆಸರು, ಉಡುಪು, ಶಕ್ತಿಯ ಮೂಲ ಬದಲಾದದ್ದು ಬಿಟ್ಟರೆ ನ್ಯೂಯಾರ್ಕಿನ ಪೀಟರ್‌ಗೆ ಆದದ್ದೇ ಇವನಿಗೂ ಆಯಿತು. ಪಂಪ ಮಾಡಿದ ಕೆಲಸ ಬೇರೆ, ವೇಷ ಬದಲಿಸುವ ಕೆಲಸ ಬೇರೆ. 2023ರ ಆ್ಯನಿಮೇಷನ್ ಸಿನಿಮಾದಲ್ಲಿ ಇದೇ ಪವಿತ್ರ ಮತ್ತೆ ಬಂದಾಗ ಆ ಮುಲಾಜಿಲ್ಲದ ಚುರುಕಿಗೆ ಚಿತ್ರಮಂದಿರ ಚಪ್ಪಾಳೆ ತಟ್ಟಿತು.

ನಮ್ಮವರು ಅಮೆರಿಕದ ಮುಖ್ಯ ಪತ್ರಿಕೆಗಳೊಳಗೇ ಹೊಕ್ಕು ಬರೆಯುತ್ತಿರುವುದು ಈಚಿನ ಒಳ್ಳೆಯ ಬೆಳವಣಿಗೆ. ಮುಂಬೈ ಮೂಲದ ರಾಮ್ ವಿ 2022ರಿಂದ ಎರಡು ವರ್ಷ ‘ಡಿಟೆಕ್ಟಿವ್ ಕಾಮಿಕ್ಸ್’ ಬರೆದರು. ಬ್ಯಾಟ್‌ಮನ್ ಹುಟ್ಟಿದ ಪತ್ರಿಕೆ ಅದು. ಆ ಕಥೆಯನ್ನು ಅವರು ಒಪೆರಾದ ಅಂಕಗಳಂತೆ ಕಟ್ಟಿದರು. ನಿಧಾನ, ಗಾಢ, ಕೆಲವೊಮ್ಮೆ ತಾಳ್ಮೆ ಪರೀಕ್ಷಿಸುವಂಥದ್ದು. ಮರದ ಜೀವವಾಗಿಬಿಡುವ ಭಾರತೀಯನನ್ನು ನಾಯಕನಾಗಿಸಿದ ಅವರ ‘ಸ್ವಾಂಪ್ ಥಿಂಗ್’ ನನಗೆ ಅದಕ್ಕಿಂತ ಇಷ್ಟ. ಅವರ ಎಷ್ಟೋ ಪುಸ್ತಕಗಳಲ್ಲಿ ಮಾತಿನ ಗುಳ್ಳೆಗಳ ಅಕ್ಷರ ಕೂರಿಸಿದವರು ಆದಿತ್ಯ ಬಿಡೀಕರ್. ಈ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ, ಕೆಟ್ಟಾಗ ಮಾತ್ರ ಬೀಳುತ್ತದೆ. ಗುಳ್ಳೆ ಎಲ್ಲಿ ಕೂತರೆ ಕಣ್ಣು ಯಾವ ಮುಖದಿಂದ ಯಾವ ಮುಖಕ್ಕೆ ಸರಿಯುತ್ತದೆ, ಪಿಸುಮಾತಿಗೆ ಗುಳ್ಳೆಯೊಳಗೆ ಎಷ್ಟು ಖಾಲಿ ಬಿಡಬೇಕು ಎಂಬುದೆಲ್ಲ ಅಕ್ಷರ ಬರೆಯುವವರ ನಿರ್ಧಾರ.

ಕನ್ನಡದಲ್ಲಿ ಇವೆಲ್ಲ ಬಂದರೆ ಮೊದಲ ತೊಡಕು ಆ ಗುಳ್ಳೆಯದೇ. ಇಂಗ್ಲಿಷ್ ಅಕ್ಷರಗಳ ಅಳತೆಗೆ ಬರೆದ ಗುಳ್ಳೆಯಲ್ಲಿ ನಮ್ಮ ಒತ್ತಕ್ಷರ ಸಾಲಿನ ಕೆಳಗೆ ಇಳಿದು ಮುಂದಿನ ಸಾಲನ್ನು ಮುಟ್ಟುತ್ತದೆ, ವಿಭಕ್ತಿ ಹತ್ತಿದ ಪದ ಅಂಚಿಗೆ ಬಡಿಯುತ್ತದೆ. ಪರಿಹಾರವಿಲ್ಲದ ತೊಡಕೇನಲ್ಲ. ಅಮರ ಚಿತ್ರ ಕಥೆಯ ಮೊದಲ ಹತ್ತು ಪುಸ್ತಕಗಳು 1965ರ ಹೊತ್ತಿಗೆ ಬಂದದ್ದು ಕನ್ನಡದಲ್ಲೇ. ಪಾಶ್ಚಾತ್ಯ ಜಾನಪದ ಕಥೆಗಳನ್ನು ಕನ್ನಡಿಸಿ ಬೆಂಗಳೂರಿನಿಂದ ತಂದರು, ಅದರ ಹಿಂದಿದ್ದವರು ಇಂಡಿಯಾ ಬುಕ್ ಹೌಸಿನ ಜಿ.ಕೆ. ಅನಂತರಾಂ. ಇಂಗ್ಲಿಷಿನಲ್ಲಿ ಸರಣಿ ಹನ್ನೊಂದನೇ ಸಂಖ್ಯೆಯ ‘ಕೃಷ್ಣ’ದಿಂದ ಶುರುವಾದದ್ದು ಅದೇ ಕಾರಣಕ್ಕೆ. ಸರಣಿಯನ್ನು ಬೆಳೆಸಿದ ಅನಂತ ಪೈ ಕಾರ್ಕಳದವರು. ಹಳೆಯ ಕಥೆಗೆ ಹೊಸ ಚೌಕಟ್ಟು ಹಾಕುವ ವಿದ್ಯೆ ಈ ನಾಡಿಗೆ ಹೊಸದಲ್ಲ. ದುಡ್ಡು ಹಾಕುವವರು ಮಾತ್ರ ಬೇಕು.

ಇದನ್ನೆಲ್ಲ ಓದಿ ಯಾರಿಗಾದರೂ ಶುರುಮಾಡುವ ಮನಸ್ಸಾದರೆ ವಿಶೇಷ ಮುಖಪುಟಗಳ ಕಡೆ ತಲೆಯನ್ನೂ ಹಾಕಬೇಡಿ. ಆಬ್ಸಲ್ಯೂಟ್ ಬ್ಯಾಟ್‌ಮನ್‌ನ ಮೊದಲ ಸಂಪುಟಕ್ಕೆ ‘ದಿ ಝೂ’ ಎಂದು ಹೆಸರು, ವಂಡರ್ ವುಮನ್‌ನದು ‘ದಿ ಲಾಸ್ಟ್ ಅಮೆಜಾನ್’, ಸ್ಪೈಡರ್‌ಮ್ಯಾನ್‌ನದು ‘ಮ್ಯಾರೀಡ್ ವಿತ್ ಚಿಲ್ಡ್ರನ್’. ಮಗಳು ದೊಡ್ಡವಳಾಗಿದ್ದರೆ ಎರಡನೆಯದನ್ನು ಅವಳಿಗೆ ಕೊಡಿ. ಬ್ಯಾಟ್‌ಮನ್‌ನಲ್ಲಿ ರಕ್ತ ಜಾಸ್ತಿ, ಚಿಕ್ಕ ಮಕ್ಕಳ ಕೈಗೆ ಬೇಡ. ಸಂಪುಟ ಮುಗಿದ ಮೇಲೂ ಹಾರ್ವಿಗೆ ಏನಾಯಿತು ಎಂದು ತಲೆ ಕೆಡಿಸಿಕೊಂಡರೆ ಅಲ್ಲಿಂದ ಮುಂದೆ ಬಿಡಿ ಸಂಚಿಕೆ ಓದಲು ಹಿಡಿಯಿರಿ, ತಿಂಗಳಿಗೊಂದರಂತೆ.